ಫಸ್ಟ್ ಪೇಜಿನ ಗ್ಯಾರಂಟಿ

“ಹಲೋ, ಹೀರೋಯಿನ್ ಫೋಟೋ ನಿಮ್ಮಲ್ಲೇ ಸಿಗ್ತಾವಲ್ರಿ?”

ಈ ಪ್ರಶ್ನೆ ಬಂದದ್ದು ಶಹಾಬಾದಿನಲ್ಲಿರುವ ನಮ್ಮ ಸುಶೀಲಕ್ಕನ ಮನೆಯ ಫೋನಿಗೆ. ಅದೂ ಏಕಾದಶಿಯ ಬೆಳಗ್ಗೆ. (ಆ ದಿನ ಅಕ್ಕ ಕಾಫಿಯನ್ನೂ ಮುಟ್ಟುವುದಿಲ್ಲ. ಅವಳನ್ನು ಮಾತಾಡಿಸಲು ಮನೆಯವರೇ ಹೆದರುತ್ತಾರೆ.)

“ರಾಂಗ್ ನಂಬರ್” ಎಂದು ಇಟ್ಟಳು. ಮತ್ತೆ ರಿಂಗಾಯಿತು. ಈ ಸಲ ಹೈದರಾಬಾದಿನ ಒಬ್ಬಾತ. ನಿಮ್ಮ ವೆಬ್‌ಸೈಟಿನಲ್ಲಿ ಸಿನಿಮಾ ಹಾಡೇ ಇಲ್ಲವಲ್ಲ ಎಂದು ತೆಲುಗಿನಲ್ಲಿ ಜಗಳ!

ಅಕ್ಕ ಚಿತ್ತಾಪುರದಲ್ಲಿದ್ದ ನನಗೆ ಫೋನ್ ಹಚ್ಚಿದಳು. “ನಿಮ್ಮ ಭಾವ ಕಲ್ಲು ಮಾರ್ಲಿಕತ್ತಾರೋ, ಬ್ಯಾರೆ ಏನರೆ ಮಾರ್ಲಿಕತ್ತಾರೋ? ನೀ ಬಂದು ನೋಡು.”

ಭಾವ ವೆಂಕಟರಾಯರು ಮಾರುವುದು ಕಲ್ಲನ್ನೇ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು. (ನಿಮ್ಮ ಮನೆಯಲ್ಲೂ ಇದ್ದೀತು, ಕಾಲಡಿ ನೋಡಿಕೊಳ್ಳಿ.) ಟೈಲ್ಸ್ ಬಂದು ಗಿರಾಕಿ ಕಡಿಮೆಯಾದಾಗ, ಯಾರದೋ ಮಾತು ಕೇಳಿ, ಮನೆಯ ಫೋನ್ ನಂಬರನ್ನೇ ಹಾಕಿ ವೆಬ್‌ಸೈಟ್ ಮಾಡಿಸಿದರು. ಮಾಡಿಸಿದರೆ ಆಯಿತೆ? ಹುಡುಕಿದವರಿಗೆ ಅದು ಕಾಣಬೇಕಲ್ಲ! ಹಾಗೆ ಕಾಣಿಸುವ ಕೆಲಸಕ್ಕೆ ಎಸ್‌ಇಒ ಅನ್ನುತ್ತಾರೆ. ಅದಕ್ಕೆ ಬೇರೆ ಕನ್ಸಲ್ಟೆಂಟ್ ಇರುತ್ತಾರೆ.

ಗುಲಬರ್ಗಾದಿಂದ ಟೈ ಕಟ್ಟಿಕೊಂಡ ಒಬ್ಬರು ಬಂದರು. “ಎಸ್‌ಇಒ ಸಾಹೇಬ್ರು ಬಂದಾರ” ಎಂದು ಭಾವ ಕೂಗಿದ್ದೇ ತಡ, ಅಕ್ಕ ಗಡಬಡಿಸಿ ಸೆರಗು ಹೊದ್ದು ಹೊರಗೆ ಬಂದಳಂತೆ. ಜಿಲ್ಲಾ ಪಂಚಾಯ್ತಿಯ ಸಿಇಒ ಅಂದುಕೊಂಡಿದ್ದಳು. ಉಪ್ಪಿಟ್ಟಿಗೆ ಗೋಡಂಬಿ ಬಿದ್ದದ್ದು ಆ ಗೌರವಕ್ಕೇ.

“ಫಸ್ಟ್ ಪೇಜ್, ಫಸ್ಟ್ ನಂಬರ್. ಗ್ಯಾರಂಟಿ ರೀ ಸರ್.”

“ಹ್ಯಾಂಗ ಮಾಡ್ತೀರಿ?”

“ಅದು ನಮ್ಮ ಟ್ರೇಡ್ ಸೀಕ್ರೆಟ್ ಅದ ರೀ.”

ಕೆಲವೇ ದಿನಗಳಲ್ಲಿ ಆತ ಭಾವನನ್ನು ಸೈಬರ್ ಕೆಫೆಗೆ ಕರೆದೊಯ್ದು ತೋರಿಸಿಯೇಬಿಟ್ಟ. ಅಂಗಡಿಯ ಪೂರ್ತಿ ಹೆಸರು, ಊರಿನ ಹೆಸರು, ಓಣಿಯ ಹೆಸರು ಎಲ್ಲ ಟೈಪ್ ಮಾಡಿದ. ನಂಬರ್ ಒನ್! ಭಾವ ಕುರ್ಚಿಯಿಂದ ಎದ್ದೇ ನಿಂತರು. ಓಣಿಯ ಹೆಸರು ಸಹಿತ ಗೊತ್ತಿರುವವನು ಇಂಟರ್ನೆಟ್ಟಿನಲ್ಲಿ ಯಾಕೆ ಹುಡುಕುತ್ತಾನೆ? ನೇರ ಅಂಗಡಿಗೇ ಬರುವುದಿಲ್ಲವೆ? ಖುಷಿಯಲ್ಲಿದ್ದವರಿಗೆ ಇಂಥ ಪ್ರಶ್ನೆ ಹೊಳೆಯುವುದಿಲ್ಲ.

ಆಮೇಲೆ ಶುರುವಾದದ್ದು ಹೀರೋಯಿನ್ ಫೋನುಗಳು.

ನಾನು ಹೋದ ದಿನವೇ ಸೊಲ್ಲಾಪುರ ಕಡೆಯ ಒಂದು ದೇವಸ್ಥಾನದ ಹಿರಿಯರೊಬ್ಬರೂ ಬಂದಿದ್ದರು. ಪ್ರದಕ್ಷಿಣೆಯ ಹಾದಿಗೆಲ್ಲ ಕಲ್ಲು ಹಾಸಬೇಕಿತ್ತು. ದೊಡ್ಡ ಕೆಲಸ. ಭಾವ ಹುರುಪಿನಿಂದ ನಮ್ಮಿಬ್ಬರನ್ನೂ ಕೆಫೆಗೆ ಕರೆದೊಯ್ದು ಸೈಟ್ ತೆರೆದರು. ಹಿರಿಯರು ವಿಳಾಸ ಕಾಪಿ ಮಾಡಿಕೊಳ್ಳಲೆಂದು ಮೌಸ್ ಹಿಡಿದು ಪುಟದ ಕೆಳಗಿನವರೆಗೆ ಎಳೆದರು.

ಬಿಳಿಯ ಖಾಲಿ ಜಾಗ ನೀಲಿಯಾಯಿತು. ಅದರೊಳಗಿಂದ ಅಕ್ಷರಗಳು ಎದ್ದವು. ಸಿನಿಮಾ ನಟಿಯರ ಹೆಸರು ಸಾಲುಸಾಲು! ಅವರ ಹಿಂದೆ ‘ಹಾಟ್ ಫೋಟೋ’, ‘ಫ್ರೀ ಸಾಂಗ್’, ‘ಕ್ರಿಕೆಟ್ ಸ್ಕೋರ್’. ಬಿಳಿ ಪುಟದ ಮೇಲೆ ಬಿಳಿ ಅಕ್ಷರ. ಮನುಷ್ಯರಿಗೆ ಕಾಣುವುದಿಲ್ಲ, ಹುಡುಕುವ ಯಂತ್ರಕ್ಕೆ ಕಾಣುತ್ತದೆ. ಟ್ರೇಡ್ ಸೀಕ್ರೆಟ್ ಅಂದರೆ ಇದು.

“ರಾಯರ, ನಮ್ಮದು ದೇವಸ್ಥಾನ ಅದ ರೀ” ಎಂದರು ಹಿರಿಯರು. ಅಷ್ಟೇ. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಭಾವ ಪುಟವನ್ನು ಮತ್ತೆ ಮೇಲಕ್ಕೆ ಎಳೆದರು. “ಮ್ಯಾಲೆ ನಮ್ಮಪ್ಪನ ಹೆಸರು ಅದನೋ” ಎಂದರು. ಅಂಗಡಿಗೆ ಇಟ್ಟದ್ದು ಅವರ ತಂದೆಯ ಹೆಸರು. ಅದುವರೆಗೆ ನಗು ತಡೆದುಕೊಂಡಿದ್ದ ನನಗೆ ಆಮೇಲೆ ನಗು ಬರಲಿಲ್ಲ.

ಕನ್ಸಲ್ಟೆಂಟ್ ಫೋನ್ ಎತ್ತಲಿಲ್ಲ. ಇನ್ನೊಂದು ವಾರಕ್ಕೆ ಸರ್ಚ್ ಎಂಜಿನ್ನಿಗೂ ಈ ಆಟ ಗೊತ್ತಾಗಿ ಸೈಟನ್ನೇ ಹೊರಗೆ ಹಾಕಿತು. ಈಗ ಓಣಿಯ ಹೆಸರು ಕೊಟ್ಟು ಹುಡುಕಿದರೂ ಭಾವ ಇಲ್ಲ!

“ಇನ್ನ ಮುಂದ ಬರೋವ್ರನ್ನ ನಾ ಮಾತಾಡಸ್ತೀನಿ” ಎಂದಳು ಅಕ್ಕ. ಮಗಳಿಗೆ ವರ ನೋಡಿದ ಅನುಭವ ಅವಳದು. ಮೊದಲು ಬಂದವನು ಬಾಗಿಲಲ್ಲೇ ಗ್ಯಾರಂಟಿ ಎಂದ. ಅಕ್ಕ ಅವನಿಗೆ ನೀರು ಕೊಟ್ಟು ಕಳಿಸಿದಳು. ಉಪ್ಪಿಟ್ಟಿನ ಮಾತೇ ಇಲ್ಲ.

ಆಮೇಲೆ ಬಂದವಳು ವಾಡಿಯ ರೆಹಾನಾ. ಅಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ, ಜೊತೆಗೆ ಈ ಕೆಲಸವೂ ಉಂಟು.

“ಫಸ್ಟ್ ನಂಬರ್ ತರ್ತೀಯೇನಮ್ಮಾ?” ಭಾವನಿಗೆ ಆಸೆ ಇನ್ನೂ ಹೋಗಿರಲಿಲ್ಲ.

“ಗೊತ್ತಿಲ್ರಿ ಅಂಕಲ್. ಅದು ನನ್ನ ಕೈಯಾಗಿಲ್ಲ. ನಾ ಏನೇನ್ ಮಾಡೀನಿ ಅಂತ ನಿಮ್ಮ ಮುಂದ ಕುಂತು ತೋರಸ್ತೀನಿ. ಗಿರಾಕಿ ಬಂದ್ರ ನಿಮಗ ಏನ್ ಕೇಳ್ತಾರ್ರಿ?”

“ಬಚ್ಚಲದಾಗ ಜಾರ್ತದೇನು, ಎಣ್ಣಿ ಚೆಲ್ಲಿದ್ರ ಕಲಿ ಉಳೀತದೇನು ಅಂತಾರ.”

“ಹಂಗಾರ ಅದನ್ನೇ ಬರೀರಿ. ಹುಡುಕೋರೂ ಅದನ್ನೇ ಹುಡುಕ್ತಾರ.”

ಭಾವನ ಮುಖ ಬಾಡಿತು. ಅಕ್ಕ ಮಾತ್ರ ಕೇಳಿದಳು: “ನಿನ್ನ ಕೆಲಸ ಬ್ಯಾಡ ಅಂತ ಬಿಟ್ಟವ್ರು ಯಾರರೆ ಇದ್ದಾರೇನವಾ?”

ಇಂಥ ಪ್ರಶ್ನೆ ಯಾರಾದರೂ ಕೇಳುತ್ತಾರೆಯೇ? ರೆಹಾನಾ ನಕ್ಕಳು. ಸೇಡಂನ ತೊಗರಿಬೇಳೆ ವ್ಯಾಪಾರಿಯೊಬ್ಬರ ನಂಬರ್ ಕೊಟ್ಟೇಬಿಟ್ಟಳು. ಅಕ್ಕ ಅವಳ ಎದುರಿಗೇ ಫೋನ್ ಹಚ್ಚಿದಳು.

“ಆ ಹುಡುಗಿ ಭಾಳ ನಿಧಾನ ರೀ ಅಮ್ಮಾರ” ಎಂದರು ಬೇಳೆಯವರು. “ಮಂದಿ ನಮ್ಮ ಬ್ಯಾಳಿ ಹೊಗಳಿದಂಗ ಸುಳ್ಳ ಬರೀ ಅಂದೆ, ಬರೀಲಿಲ್ಲ. ಬಿಟ್ಟೆ.”

ಅಕ್ಕ ಫೋನ್ ಇಟ್ಟು, “ನಾಳಿಂದ ಬಾ” ಎಂದಳು.

ಸೈಟ್ ಮರಳಿ ಕಾಣಿಸಲು ತಿಂಗಳುಗಳೇ ಹಿಡಿದವು. ಕಂಡದ್ದೂ ಎರಡನೇ ಪುಟದಲ್ಲಿ. ದೇವಸ್ಥಾನದ ಹಿರಿಯರು ತಿರುಗಿ ಬರಲಿಲ್ಲ, ಬೇರೆಯವರ ಕಲ್ಲು ಹಾಸಿಸಿದರಂತೆ. ಭಾವನಿಗೆ ಆ ನೋವು ಇದೆ. ಆದರೆ ಕಳೆದ ವಾರ ಬೀದರಿನ ಹೆಣ್ಣುಮಗಳೊಬ್ಬಳು ಸೈಟ್ ನೋಡಿ ಫೋನ್ ಮಾಡಿ, ಅಡುಗೆಮನೆಗೆ ಯಾವ ಕಲ್ಲು ಒಳ್ಳೆಯದೆಂದು ಕೇಳಿದಾಗ ಅವರು ಎಷ್ಟು ಹೊತ್ತು ವಿವರಿಸಿದರೆಂದರೆ, ಎದುರಿಗಿಟ್ಟ ಅನ್ನ ಆರಿ ತಣ್ಣಗಾಯಿತು.

ನಾವೆಲ್ಲ ಹೊಗಳಿದವರ ಮಾತು ಕೇಳಿ ಡಾಕ್ಟರನ್ನು, ವಕೀಲರನ್ನು, ಕಂಟ್ರಾಕ್ಟರನ್ನು ಹಿಡಿಯುವ ಮಂದಿ. ಬಿಟ್ಟುಹೋದವರ ನಂಬರ್ ಕೇಳಿದರೆ ಇವರಲ್ಲಿ ಎಷ್ಟು ಜನ ಕೊಟ್ಟಾರು?