ಹೊಟ್ಟೆ ಕಟ್ಟುವ ಬಟ್ಟೆ

ಬಾಣಂತಿಯರ ಹೊಟ್ಟೆ ಕಟ್ಟುವುದರಲ್ಲಿ ಅಜ್ಜಂಪುರದ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಎಣ್ಣೆ ನೀರು ಆದ ಕೂಡಲೇ ಹಳೆಯ ನೂಲಿನ ಸೀರೆಯ ಪಟ್ಟಿಯನ್ನು ಸೊಂಟದಿಂದ ಮೇಲಕ್ಕೆ ಬಿಗಿದು ಸುತ್ತುತ್ತಿದ್ದೆ. ಹಾಗೆ ಕಟ್ಟಿದರೆ ಹೊಟ್ಟೆ ಇಳಿಯುತ್ತದೆ, ಸೊಂಟ ಗಟ್ಟಿಯಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಮನೆಮನೆಯಿಂದ ಕರೆಯುತ್ತಿದ್ದರು, ನನಗೂ ಜಂಬ ಏರಿತ್ತು.

ಮಗಳು ಚೊಚ್ಚಲ ಹೆರಿಗೆಗೆ ನನ್ನ ಮನೆಗೇ ಬಂದಿದ್ದಳು. ಬಸುರಿಯಾಗಿದ್ದಾಗಲೇ ಅವಳಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಒಂದು ಬೆಳಿಗ್ಗೆ ನೀರು ಒಡೆಯಿತು. "ನೋವು ಬರ್ಲಿ ತಡಿಯೇ, ಈಗ್ಲೇ ಹೋದ್ರೆ ಕುಯ್ದೇಬಿಡ್ತಾರೆ" ಎಂದು ನಾನೇ ತಡೆದೆ. ತರೀಕೆರೆಯ ಆಸ್ಪತ್ರೆ ಸೇರಿದ್ದು ಮರುದಿನ. ಕೊನೆಗೆ ಸಿಸೇರಿಯನ್ನೇ ಆಯಿತು.

ಮನೆಗೆ ಕಳಿಸುವಾಗ ನರ್ಸ್ ಹೇಳಿದಳು: "ಗಾಯ ಒಣಗಿರ್ಬೇಕು. ಬಟ್ಟೆ ಬಿಗೀಬೇಡ್ರಿ. ಕೆಂಪಾದ್ರೆ, ಕೀವು ಬಂದ್ರೆ, ಜ್ವರ ಬಂದ್ರೆ ತಕ್ಷಣ ಕರ್ಕೊಂಡ್ ಬನ್ನಿ." ನಾನು ತಲೆಯಾಡಿಸಿದೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳು ನನಗೆ ಬಾಣಂತನ ಹೇಳಿಕೊಡುತ್ತಾಳಲ್ಲ ಎಂದು ಒಳಗೊಳಗೇ ಸಿಡುಕಿದೆ.

ಮನೆಗೆ ಬಂದ ಮರುದಿನವೇ ಬಿಸಿಬಿಸಿ ನೀರು ಹುಯ್ದು, ಮೈ ಸರಿಯಾಗಿ ಆರುವ ಮೊದಲೇ ಪಟ್ಟಿ ಬಿಗಿದೆ.

"ಅವ್ವಾ, ಸ್ವಲ್ಪ ಸಡ್ಲ ಮಾಡೇ. ಉರೀತೈತೆ."

"ಸುಮ್ನಿರೇ. ಹೆತ್ತೋಳಿಗೆ ಉರೀದೆ ಇನ್ನೇನಾಗ್ತೈತೆ?"

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ಬೆಳಿಗ್ಗೆ ಅವಳು ಗಡಗಡ ನಡುಗುತ್ತಿದ್ದಳು. ಮೈ ಮುಟ್ಟಿದರೆ ಕೆಂಡ. ಪಟ್ಟಿ ಬಿಚ್ಚಿದೆ. ಒಳಮಗ್ಗುಲಿಗೆ ಹಳದಿ ಕಲೆ, ಮೂಗಿಗೆ ಹೊಡೆಯುವ ವಾಸನೆ. ಬೀದಿಗೆ ಓಡಿ ಆಟೋ ಕರೆದೆ.

ತರೀಕೆರೆಯ ದಾರಿ ಅಷ್ಟು ಉದ್ದವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಆಟೋದಲ್ಲಿ ಆ ಕಡೆ ಸರಿದೆ, ಈ ಕಡೆ ಸರಿದೆ, ಡ್ರೈವರನನ್ನು ಬೈದೆ, ಮಗು ಅತ್ತರೆ ಮಗುವನ್ನೂ ಗದರಿದೆ. ಮಗಳು ಮಾತ್ರ ಕಣ್ಣು ಮುಚ್ಚಿ ನನ್ನ ಹೆಗಲಿಗೆ ಒರಗಿದ್ದಳು. ಇವಳು ಕಣ್ಣು ಬಿಡದಿದ್ದರೆ ಏನು ಗತಿ ಎಂದು ಮತ್ತೆ ಮತ್ತೆ ಅವಳ ಕೆನ್ನೆ ತಟ್ಟಿದೆ.

ಡಾಕ್ಟರಮ್ಮ ನಾಲ್ಕು ಹೊಲಿಗೆ ಬಿಚ್ಚಿ ಕೀವು ತೆಗೆದರು. ನಾನು ಅವರ ಹಿಂದೆಯೇ ಓಡಾಡಿದೆ.

"ನಾನು ಬಟ್ಟೆ ಕಟ್ಟಿದ್ದಕ್ಕೇ ಹಿಂಗಾಯ್ತಾ ಮೇಡಂ?"

"ಒಂದೇ ಕಾರಣ ಅಂತ ಹೇಳಕ್ಕಾಗಲ್ಲಮ್ಮ. ಶುಗರ್ ಇತ್ತು. ನೀರೊಡೆದು ತುಂಬಾ ಹೊತ್ತಾದ್ಮೇಲೆ ಬಂದ್ರಿ. ಅದರ ಮೇಲೆ ಗಾಯ ಒದ್ದೆ ಇರೋವಾಗ್ಲೇ ಬಿಗಿದಿದೀರಿ. ಎಲ್ಲಾ ಸೇರ್ಕೊಂಡಿರುತ್ತೆ."

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಹೇಳಿದ ಮೂರರಲ್ಲಿ ಎರಡು ನನ್ನವೇ. ಬೆಂಚಿನ ಮೇಲೆ ಕೂರಲಾಗದೆ ವರಾಂಡದ ಉದ್ದಕ್ಕೂ ತಿರುಗಿದೆ. ಜ್ವರ ಇಳಿಯುವವರೆಗೂ, ಎರಡು ದಿನ, ಹಾಗೇ ತಿರುಗಿದೆ.

ಮೂರನೆಯ ದಿನ ಮಗಳು ಎದ್ದು ಕೂತು ಮಗುವಿಗೆ ಹಾಲು ಕುಡಿಸಿದಳು. ಜೀವ ಬಂದಂತಾಯಿತು. ಜೀವ ಬಂದ ಕೂಡಲೇ ನನ್ನ ಸಿಡುಕೂ ವಾಪಸ್ಸು ಬಂತು.

"ಅಷ್ಟು ಆಗೋವರ್ಗೂ ಬಾಯ್ಮುಚ್ಕೊಂಡಿದ್ಯಲ್ಲೇ. ಮೊದ್ಲೇ ಹೇಳಕ್ಕೇನಾಗಿತ್ತು?"

ಅವಳು ಮಗುವಿನ ಮೇಲಿಂದ ಕಣ್ಣೆತ್ತಲಿಲ್ಲ.

"ಹೇಳ್ದೆ ಕಣವ್ವ. ಉರೀತೈತೆ ಅಂತ ಮೂರು ದಿನಾನೂ ಹೇಳ್ದೆ."

ಅಷ್ಟರಲ್ಲಿ ಡ್ರೆಸ್ಸಿಂಗ್ ಬದಲಿಸಲು ಅದೇ ನರ್ಸ್ ಬಂದಳು. ನಾನು ಎದ್ದು ಅವಳಿಗೆ ಜಾಗ ಬಿಟ್ಟೆ.