ಮೇವು ಬೇಡದ ಹತ್ತಿ

ಪಂಚಾಂಗದಲ್ಲಿ ಏಕಾದಶಿ ತಿಂಗಳಿಗೆ ಎರಡು. ಅವಧೂತನಿಗೆ ವಾರಕ್ಕೆ ಎರಡು ಬರುತ್ತಿದ್ದವು, ಬುಧವಾರ ಮತ್ತು ಶನಿವಾರ. ಪುಣ್ಯದ ಆಸೆಯಿಂದೇನೂ ಅಲ್ಲ. ಪುಣೆಯಲ್ಲಿ ಅವನಿಗೆ ವಾರಾನ್ನ ಹಾಕುವ ಮನೆಗಳು ಐದೇ ಇದ್ದವು, ದೇವರು ಮಾತ್ರ ವಾರಕ್ಕೆ ಏಳು ದಿನ ಮಾಡಿಟ್ಟಿದ್ದ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತಕ್ಕೆ ಮೊದಲಿಗನಾದವನಿಗೂ ಐದನ್ನು ಏಳಕ್ಕೆ ಹಂಚುವ ಉಪಾಯ ಹೊಳೆದಿರಲಿಲ್ಲ.

ಇದು ೧೯೩೧ರ ಮಾತು. ಅವನ ಅಪ್ಪ ಅಣ್ಣಿಗೇರಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತ. ಎಲ್ಲೋ ಅಮೆರಿಕೆಯಲ್ಲಿ ಸಾಹುಕಾರರು ದಿವಾಳಿ ಎದ್ದರಂತೆ, ಅಣ್ಣಿಗೇರಿಯಲ್ಲಿ ಜಿನ್ನಿಗೆ ಬೀಗ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ಮನಿಆರ್ಡರ್ ನಿಂತು ಒಂದು ಕಾರ್ಡು ಬಂತು: "ಇನ್ನು ನಿನ್ನ ಬುದ್ಧಿಯೇ ನಿನ್ನ ಬಂಡವಾಳ." ಬುದ್ಧಿ ಬೇಕಾದಷ್ಟಿತ್ತು, ಕೊಳ್ಳುವವರು ಇರಲಿಲ್ಲ. ತಿಂಗಳ ಕೊನೆಯೊಳಗೆ ಫೀ ಕಟ್ಟದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಕಾಲೇಜಿನವರು ಗೋಡೆಗೆ ಚೀಟಿ ಅಂಟಿಸಿದ್ದರು.

ಕಡೆಗೆ ಸಿಕ್ಕ ಗಿರಾಕಿ ಕೃಷ್ಣಾಜಿ. ಬುಧವಾರ ಪೇಠೆಯ ಈ ಕಂತ್ರಾಟುದಾರ ಕಟ್ಟಿಸಿದ ವಾಡೆಗಳು ಹದಿನಾಲ್ಕು, ನಕ್ಷೆ ಓದಲು ಮಾತ್ರ ಬಾರದು. ಪಗಾರ ಕೊಟ್ಟು ನಕ್ಷೆಗಾರನನ್ನು ಇಟ್ಟುಕೊಳ್ಳುವ ಕಾಲ ಹೋಗಿತ್ತು, ಹಾಗಾಗಿ ಹಸಿದ ವಿದ್ಯಾರ್ಥಿಗಳಿಂದ ಬರೆಸುತ್ತಿದ್ದ. ನಕ್ಷೆ ಬಂದಾಗ ತಲೆಕೆಳಗಾಗಿ ಹಿಡಿದು, ಎರಡು ನಿಮಿಷ ಹುಬ್ಬು ಗಂಟಿಕ್ಕಿ, ಎಲ್ಲಿಯೂ ಶಾಯಿ ಚೆಲ್ಲಿಲ್ಲವೆಂದು ಖಾತ್ರಿಯಾದ ಮೇಲೆ 'ಶಾಬಾಸ್' ಅನ್ನುತ್ತಿದ್ದ.

"ದೌಂಡದ ಕಡೆಯ ಜಹಗೀರದಾರರ ಕೆಲಸ," ಎಂದ ಅವನು ಒಂದು ದಿನ, ಮರಾಠಿಯಲ್ಲಿ. "ಹಳ್ಳಿಯಲ್ಲಿ ಹತ್ತೀಖಾನಾ ಕಟ್ಟಿಸಬೇಕಂತೆ. ನಲವತ್ತು ಫೂಟು ಉದ್ದ, ಮೂವತ್ತು ಅಗಲ. ಜಹಗೀರದಾರ ಸರಕಾರರು ಒಪ್ಪಿದರೆ ನಿನ್ನ ಫೀ ನಾನು ಕಟ್ಟುತ್ತೇನೆ. ಒಪ್ಪದಿದ್ದರೆ ಊರ ಗಾಡಿ ಹಿಡಿ."

ಅವಧೂತನ ಮರಾಠಿ ಪೂರ್ತಿ ಊಟದ ಮರಾಠಿ, ವಾರಾನ್ನದ ಪಂಕ್ತಿಯಲ್ಲಿ ಕುಳಿತು ಕಲಿತದ್ದು. ಭಾತ್, ಆಮಟಿ, ತಾಕ್, ಇಷ್ಟರಲ್ಲಿ ಅವನು ಪಂಡಿತ. 'ಪುರೇ', ಅಂದರೆ ಸಾಕು, ಎಂಬ ಶಬ್ದವೂ ಬರುತ್ತಿತ್ತು, ಹೇಳುವ ಪ್ರಸಂಗ ಮಾತ್ರ ಬಂದಿರಲಿಲ್ಲ. ಉಳಿದ ಕಡೆ ಕನ್ನಡಕ್ಕೆ 'ಆಹೇ' ಎಂಬ ಬಾಲ ಕಟ್ಟಿ ಓಡಿಸುತ್ತಿದ್ದ. ಮರಾಠಿಯವರು ಆನೆಗೆ ಹತ್ತಿ ಅನ್ನುತ್ತಾರೆಂಬುದು ಪಂಕ್ತಿಯಲ್ಲಿ ತಿಳಿಯುವ ಸಂಗತಿಯಲ್ಲ. ಆನೆಯನ್ನು ಯಾರೂ ಬಡಿಸುವುದಿಲ್ಲ.

ಹತ್ತಿಯ ಮೂಟೆಗಳ ನಡುವೆ ಆಡಿ ಬೆಳೆದವನು, ಅವನಿಗೆ ಇದು ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಆಯಿತು. ನೆಲದ ತೇವ ತಾಗದಂತೆ ನಾಲ್ಕು ಫೂಟಿನ ಕಟ್ಟೆ ಹಾಕಿದ. ಅದಕ್ಕೆ ಏಳು ಮೆಟ್ಟಿಲು. ಕಳ್ಳರ ಭಯಕ್ಕೆ ಒಂದೇ ಬಾಗಿಲು, ಅದೂ ಆರು ಫೂಟಿನದು. ಬೆಂಕಿಯ ಭಯಕ್ಕೆ ದೀಪದ ಗೂಡನ್ನೇ ಕೈಬಿಟ್ಟ. ಮೇಲೆ ಮರಾಠಿಯ ಬಾಲಬೋಧ ಅಕ್ಷರದಲ್ಲಿ 'ಹತ್ತೀಖಾನಾ' ಎಂದು ಬರೆದ. ಅಪ್ಪ ನೋಡಿದ್ದರೆ ಹೆಮ್ಮೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಕೃಷ್ಣಾಜಿ ಶಾಯಿ ನೋಡಿ ಶಾಬಾಸ್ ಅಂದ.

ಬುಧವಾರ ಬೆಳಿಗ್ಗೆ ಇಬ್ಬರೂ ಸದಾಶಿವ ಪೇಠೆಯಲ್ಲಿದ್ದ ಜಹಗೀರದಾರರ ವಾಡೆಗೆ ಹೋದರು. ಜಹಗೀರದಾರರು ಲೋಡಿಗೆ ಒರಗಿದ್ದರು. ಒಳಬಾಗಿಲಲ್ಲಿ ಅವರ ಹೆಂಡತಿ ರಾಧಾಬಾಯಿ ದೇವರಿಗೆ ಬತ್ತಿ ಹೊಸೆಯುತ್ತ ಕುಳಿತಿದ್ದರು. ಮಾತು ಮರಾಠಿಯಲ್ಲಿ ನಡೆಯಿತು. ಹತ್ತಿಯೊಂದನ್ನು ಬಿಟ್ಟು ಉಳಿದುದನ್ನು ಇಲ್ಲಿ ಕನ್ನಡಕ್ಕೆ ತಂದಿದೆ.

"ಈ ಮೆಟ್ಟಿಲು ಯಾತಕ್ಕೆ?" ಎಂದರು ಜಹಗೀರದಾರರು.

"ಹತ್ತಿಯನ್ನು ಒಳಗೆ ಒಯ್ಯಲಿಕ್ಕೆ, ಸರಕಾರ," ಎಂದ ಅವಧೂತ.

"ಹತ್ತಿ ಮೆಟ್ಟಿಲು ಏರುತ್ತದೆಯೇ?"

"ಅದೆಲ್ಲಿ ಏರುತ್ತದೆ? ಹಮಾಲರು ಬೆನ್ನ ಮೇಲೆ ಹೊರುತ್ತಾರೆ. ಆಳು ಗಟ್ಟಿಯಾಗಿದ್ದರೆ ಒಬ್ಬನೇ ಸಾಕು."

ಜಹಗೀರದಾರರು ಕೃಷ್ಣಾಜಿಯನ್ನು ನೋಡಿದರು. ಕೃಷ್ಣಾಜಿ ನಕ್ಷೆಯನ್ನು ನೋಡಿದ, ತಲೆಕೆಳಗಾಗಿಯೇ.

"ಬಾಗಿಲು ಆರೇ ಫೂಟು?"

"ಮೊದಲು ಯಂತ್ರಕ್ಕೆ ಹಾಕಿ ಚೆನ್ನಾಗಿ ಒತ್ತಬೇಕು," ಎಂದು ಅವಧೂತ ಕೈಯಿಂದ ಒತ್ತಿ ತೋರಿಸಿದ. "ಮೇಲೆ ಕಬ್ಬಿಣದ ಪಟ್ಟಿ ಬಿಗಿದರೆ ಎಂಥ ಹತ್ತಿಯೂ ಮೊಣಕಾಲಿನಷ್ಟಕ್ಕೆ ಬರುತ್ತದೆ. ಒಂದರ ಮೇಲೊಂದು ಪೇರಿಸಿದರೆ ಮುನ್ನೂರು ಹಿಡಿಸಬಹುದು."

ಜಹಗೀರದಾರರ ದನಿ ಸಣ್ಣದಾಯಿತು. "ನಮ್ಮಲ್ಲಿರುವುದು ಒಂದೇ. ಅಂಬಾ ಅಂತ ಹೆಸರು."

ಶ್ರೀಮಂತರು ಹತ್ತಿಯ ಮೂಟೆಗೂ ಹೆಸರಿಡುತ್ತಾರೆಂಬುದು ಅವಧೂತನಿಗೆ ಹೊಸ ವಿಷಯ. ಆದರೂ ಪ್ರಾಮಾಣಿಕ ಹುಡುಗ. "ಒಂದಕ್ಕೆ ಇಷ್ಟು ಖರ್ಚು ಯಾಕೆ ಸರಕಾರ? ಅಟ್ಟದ ಮೇಲೆ ಎಸೆದಿಟ್ಟರಾಯಿತು," ಎಂದುಬಿಟ್ಟ.

ಒಳಬಾಗಿಲಿನಿಂದ ನಗು ಕೇಳಿಸಿತು. ರಾಧಾಬಾಯಿಯ ತವರು ಜಮಖಂಡಿ. ಆ ವಾಡೆಯಲ್ಲಿ ಎರಡು ಹತ್ತಿಯನ್ನೂ ಬಲ್ಲವರು ಅವರೊಬ್ಬರೇ.

"ಯಾವ ಊರೋ ತಮ್ಮಾ ನಿಂದು?" ಎಂದು ಕನ್ನಡದಲ್ಲಿ ಕೇಳಿದರು.

"ಅಣ್ಣಿಗೇರಿರಿ."

"ಅದಕ್ಕ ಮತ್ತ." ಅವರು ಬತ್ತಿಯ ಅರಳೆಯನ್ನು ಎತ್ತಿ ಹಿಡಿದರು. "ಇದು ನಿಮ್ಮೂರಾಗ ಹತ್ತಿ, ನಮ್ಮ ಜಮಖಂಡ್ಯಾಗ ಹತ್ತಿ. ಇಲ್ಲೆ ಇದಕ್ಕ ಕಾಪೂಸ್ ಅಂತಾರ. ಇವರ ಹತ್ತಿ ಅಂದ್ರ ಆನಿ."

ಆನೆಯನ್ನು ಒತ್ತಿದ್ದು, ಪಟ್ಟಿ ಬಿಗಿದದ್ದು, ಅಟ್ಟಕ್ಕೆ ಎಸೆದದ್ದು ಎಲ್ಲ ಅವಧೂತನಿಗೆ ಸಾಲಾಗಿ ನೆನಪಾಯಿತು. ಆಮೇಲೆ ಕಾಲೇಜಿನ ಗೋಡೆಯ ಚೀಟಿ ನೆನಪಾಯಿತು. ಅಳು ಬಂತು, ನುಂಗಿಕೊಂಡ. ಆ ದಿನ ಅಲ್ಲಿಯವರೆಗೆ ಅವನ ಹೊಟ್ಟೆಗೆ ಬಿದ್ದದ್ದು ಅದೊಂದೇ.

"ಹುಡುಗನಿಗೆ ಇವತ್ತೇ ಕೊನೆ, ಸರಕಾರ," ಎಂದ ಕೃಷ್ಣಾಜಿ, ಎರಡು ಹೆಜ್ಜೆ ದೂರ ಸರಿದು.

ರಾಧಾಬಾಯಿ ಗಂಡನ ಕಡೆ ತಿರುಗಿ ಮರಾಠಿಗೆ ಹೊರಳಿದರು. "ಕೊನೆ ಯಾಕೆ? ಮನೆಯ ಹನ್ನೆರಡು ಜನ ದಿನವಿಡೀ ಉಣ್ಣುವುದನ್ನು ಅಂಬಾ ಒಂದೇ ಹೊತ್ತಿಗೆ ತಿನ್ನುತ್ತಾಳೆ. ನನ್ನ ಕೈಯ ಬಂಗಾರದ ಪಾಟಲಿ ಎರಡೂ ಅವಳ ಹೊಟ್ಟೆಗೇ ಹೋದವು. ಮಠದವರು ಎರಡು ವರ್ಷದಿಂದ ಅವಳನ್ನು ಕೇಳುತ್ತಿದ್ದಾರೆ, ಕೊಟ್ಟುಬಿಡಿ. ಈ ಹುಡುಗನ ಹತ್ತಿ ಮೇವು ಕೇಳುವುದಿಲ್ಲ. ದೌಂಡದ ಬೆಲ್ಲದ ವ್ಯಾಪಾರಿಗಳು ಬೆಲೆ ಏರಲೆಂದು ಮಾಲು ಇಟ್ಟುಕೊಂಡು ಒಣ ಜಾಗ ಹುಡುಕುತ್ತಿದ್ದಾರೆ. ಇದನ್ನೇ ಕಟ್ಟಿಸಿ, ಬಾಡಿಗೆಗೆ ಕೊಡೋಣ."

ಜಹಗೀರದಾರರ ಅಜ್ಜನ ಕಾಲಕ್ಕೆ ಆ ಮನೆಯಲ್ಲಿ ಏಳು ಆನೆಗಳಿದ್ದವು. ಅವರು ಗಾಜಿನ ಬಳೆಯಷ್ಟೇ ಉಳಿದಿದ್ದ ಹೆಂಡತಿಯ ಕೈಯನ್ನು ನೋಡಿದರು, ನಕ್ಷೆಯನ್ನು ನೋಡಿದರು.

"ಹೆಸರು ಮಾತ್ರ ಹತ್ತೀಖಾನಾ ಅಂತಲೇ ಇರಬೇಕು," ಎಂದರು.

"ನಾನೂ ಇದನ್ನೇ ಹೇಳುವವನಿದ್ದೆ, ಸರಕಾರ," ಎಂದ ಕೃಷ್ಣಾಜಿ. "ಆ ಏಳು ಮೆಟ್ಟಿಲು ನನ್ನದೇ ಕಲ್ಪನೆ." ಫೀ ಕಟ್ಟುವ ಮಾತನ್ನು ಮಾತ್ರ ಅವನು ತಪ್ಪಲಿಲ್ಲ. ಅವಧೂತ ಎಂಜಿನಿಯರ್ ಆದದ್ದು ಹೀಗೆ.

ಹೊರಡಲು ಎದ್ದವನನ್ನು ರಾಧಾಬಾಯಿ ತಡೆದರು. "ಉಂಡು ಹೋಗು."

"ಇವತ್ತ ಉಪಾಸರಿ. ಬುಧವಾರ, ಶನಿವಾರ ನಂದು ಉಪಾಸ," ಎಂದ ಅವಧೂತ ರೂಢಿಯ ಮೇಲೆ.

"ಬುಧವಾರ ಯಾವ ದೇವರ ಉಪಾಸಪ್ಪಾ?"

ಅವಧೂತ ತಲೆ ತಗ್ಗಿಸಿದ. ಮೂವತ್ತಮೂರು ಕೋಟಿಯಲ್ಲಿ ಒಂದು ಹೆಸರೂ ಬಾಯಿಗೆ ಬರಲಿಲ್ಲ. ರಾಧಾಬಾಯಿ ಅವನ ಕೊರಳ ಎಲುಬನ್ನೊಮ್ಮೆ ನೋಡಿ ಎಲ್ಲ ತಿಳಿದುಕೊಂಡರು.

"ನಿನ್ನ ಹತ್ತಿ ತಿನ್ನಂಗಿಲ್ಲ, ಖರೆ. ನೀ ಉಣ್ಣಾಂವ ಹೌದಲ್ಲೋ? ಬುಧವಾರ, ಶನಿವಾರ ಇಲ್ಲೇ ಬಾ. ಹೆಂಗೂ ಅಂಬಾನ ಪಾಲು ಉಳೀತದ."

ಮೂರನೆಯ ಸಲ ಅನ್ನ ಬಂದಾಗ ಅವಧೂತ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಪುಣೆಗೆ ಬಂದ ಮೇಲೆ ಮೊದಲ ಬಾರಿಗೆ, "ಪುರೇ" ಎಂದ. ರಾಧಾಬಾಯಿ ಮರಾಠಿ ತಿಳಿಯದವರಂತೆ ಇನ್ನೊಂದು ಸೌಟು ಬಡಿಸಿದರು.