ಏಲಕ್ಕಿ ಉರಿದ ಬೀದಿ

ಮೊನ್ನೆ ಕುಶಾಲನಗರಕ್ಕೆ ಹೋಗುವ ದಾರಿಯಲ್ಲಿ ಚಹಾ ಕುಡಿಯಲು ನಿಂತಾಗ ಕಾಫಿ ಹೊಟ್ಟು ಉರಿಯುವ ವಾಸನೆ ಬಂತು. ಗ್ಯಾಸ್ ಮುಗಿದಿತ್ತೋ ಏನೋ, ಹೋಟೆಲಿನವರು ಹಿತ್ತಲಲ್ಲಿ ಹೊಟ್ಟಿನ ಒಲೆ ಹಚ್ಚಿದ್ದರು. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು ಇನ್ನೊಂದು ಲೋಟ ಚಹಾ ಹೇಳಿ ಅಲ್ಲೇ ಕೂತೆ. ನಮ್ಮ ಮೇಸ್ತ್ರಿ ಅಕ್ಕನ ಸೀರೆಗೆ ಇದೇ ವಾಸನೆ ಇತ್ತು...

ಸೋಮವಾರಪೇಟೆಯಲ್ಲಿ ನಾವಿದ್ದ ಬೀದಿ ಬದುಕಿದ್ದೇ ಕಾಫಿ ಕ್ಯೂರಿಂಗ್ ಕಾರ್ಖಾನೆಯಿಂದ. ತೋಟಗಳಿಂದ ಬಂದ ಕಾಫಿಯ ಸಿಪ್ಪೆ ಬಿಡಿಸಿ, ಬೀಜ ವಿಂಗಡಿಸಿ ಕಳಿಸುವ ಜಾಗ ಅದು. ನಾವು ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ ಹೆಕ್ಕಿ ಎಸೆಯುತ್ತಿದ್ದೆವು. ನಮ್ಮನ್ನೆಲ್ಲ ನೋಡಿಕೊಳ್ಳಲು ಈ ಅಕ್ಕ. ಕೈಗಿಂತ ಬಾಯಿ ಜೋರಾಯಿತೋ, "ನಾಲಿಗೇಲಿ ಹೆಕ್ಕೋ ಹಂಗಿದ್ರೆ ಇಷ್ಟೊತ್ತಿಗೆ ಮೂಟೆ ತುಂಬ್ತಿತ್ತು ಕಣೆ" ಅನ್ನುತ್ತಿದ್ದರು. ಸಂಜೆ ಹೊಟ್ಟು, ಕಸ ಎಲ್ಲ ನಮ್ಮ ಬುಟ್ಟಿಗೆ. ಇಡೀ ಬೀದಿಯ ಒಲೆ ಉರಿಯುತ್ತಿದ್ದುದು ಅದರಲ್ಲೇ. ಸೌದೆಗೆ ಕಾಡಿಗೆ ಹೋದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಕೊಡಗು ಮೈಸೂರಿಗೆ ಸೇರಿ ಒಂದೆರಡು ವರ್ಷ ಆಗಿತ್ತೇನೋ, ಮಾಲೀಕರು ಕಾರ್ಖಾನೆ ಮುಚ್ಚಿ ಯಂತ್ರಗಳನ್ನು ಬಿಚ್ಚಿ ಲಾರಿಯಲ್ಲಿ ಸಾಗಿಸಿಬಿಟ್ಟರು. ಉಳಿದದ್ದು ಖಾಲಿ ಶೆಡ್ಡು, ಹುಲ್ಲು ಬೆಳೆದ ಸಿಮೆಂಟಿನ ಕಣ. ಮೊದಲು ಬೀಡಿ ಅಂಗಡಿ ಬಾಗಿಲು ಹಾಕಿತು, ಆಮೇಲೆ ಕಾಕನ ಹೋಟೆಲು. ಒಂದೊಂದೇ ಮನೆಯವರು ಪಾತ್ರೆ ಕಟ್ಟಿಕೊಂಡು ಎಸ್ಟೇಟಿನ ಕೂಲಿ ಮನೆಗಳ ಲೈನುಗಳಿಗೆ ಹೊರಟರು. ವಿಧವೆಯಾಗಿ ಒಬ್ಬರೇ ಇದ್ದ ಅಕ್ಕನನ್ನೂ ಚೆಟ್ಟಳ್ಳಿಯ ಲೈನಿನಲ್ಲಿದ್ದ ಮಗಳು ಕರೆದಳು. ಅಕ್ಕ ಒಪ್ಪಲಿಲ್ಲ.

"ಅಳಿಯನ ಮನೆ ಮೂಲೇಲಿ ಚಾಪೆ ಹಾಸ್ಕೊಂಡು ಬಿದ್ದಿರಕ್ಕೆ ನನ್ನಿಂದಾಗಲ್ಲ. ಕೈಕಾಲು ಆಡೋವರೆಗೂ ಈ ಬೀದೀಲೇ ದುಡ್ಕೊಂಡು ತಿಂತೀನಿ" ಅಂದರು.

ಸುಮ್ಮನೆ ಕೂರುವ ಜೀವವಲ್ಲ ಅದು. ಸಂತೆಗೆ ಬರುತ್ತಿದ್ದ ಏಲಕ್ಕಿ ಸಾಹುಕಾರರೊಬ್ಬರ ಬೆನ್ನು ಹತ್ತಿ, ಖಾಲಿ ಶೆಡ್ಡು ತೋರಿಸಿ, ಕೊನೆಗೂ ಅವರನ್ನು ಒಪ್ಪಿಸಿದರು. ಏಲಕ್ಕಿಯ ತೊಟ್ಟು ಕತ್ತರಿಸಿ ವಿಂಗಡಿಸುವುದು ನಮ್ಮ ಕೆಲಸ. ಹಸಿರು ಕಾಯಿ ಒಂದು ಕಡೆ, ಬಿರಿದದ್ದು ಇನ್ನೊಂದು ಕಡೆ, ಕಸ ಬೇರೆ. ಇಷ್ಟನ್ನೇ ಹೇಳಿ ಸಾಹುಕಾರರು ಹೋದರು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನಮ್ಮದು ಹುಟ್ಟುಗುಣವೂ ಅಲ್ಲ, ಕಲಿತ ಗುಣ. ಕಾಫಿಯಲ್ಲಿ ಕಪ್ಪು ಅಂದರೆ ಕೆಟ್ಟದ್ದು. ಏಲಕ್ಕಿಯಲ್ಲಿ ಕಪ್ಪು ಕಾಳೇ ಬಲಿತದ್ದು, ಬೆಲೆ ಬಾಳುವುದು. ಬಿರಿದ ಕಾಯೊಳಗೆ ಕಪ್ಪು ಕಂಡದ್ದೇ ತಡ, ನಮ್ಮ ಕೈ ಅದನ್ನು ತೊಟ್ಟಿನ ಕಸಕ್ಕೆ ಎಸೆಯುತ್ತಿತ್ತು. ಅಕ್ಕನದೂ ಅದೇ ಕೈ. ಸಂಜೆ, "ಕಸ ಮನೆಗೆ ಹೊತ್ಕೊಂಡು ಹೋಗ್ರೇ, ಒಲೆಗಾಗುತ್ತೆ" ಅಂದರು. ಬಹಳ ದಿನದ ಮೇಲೆ ಬುಟ್ಟಿ ತುಂಬಿದ್ದಕ್ಕೆ ನಮಗೂ ಖುಷಿ. ಒಳಗೇನಿದೆ ಅಂತ ಯಾರು ನೋಡುತ್ತಾರೆ?

ಮಾರನೆಯ ಬೆಳಿಗ್ಗೆ ಸಾಹುಕಾರರು ಬಸ್ಸಿಳಿದು ಬಂದಾಗ ಎಲ್ಲ ಮನೆಯ ಹೊಗೆಯಲ್ಲೂ ಏಲಕ್ಕಿಯ ಘಮ. ಬೀದಿಗೆ ಬೀದಿಯೇ ಮದುವೆ ಮನೆ. ಅವರು ಒಬ್ಬರ ಒಲೆಯ ಮುಂದಿದ್ದ ಬುಟ್ಟಿಗೆ ಕೈ ಹಾಕಿ ನೋಡಿದರು. ಮುಖ ಕಪ್ಪಿಟ್ಟಿತು.

"ನಿಮ್ಮ ಸಹವಾಸ ಸಾಕು. ಬೇರೆ ಜನ ನೋಡ್ಕೊಳ್ತೀನಿ" ಅಂದರು.

ಅಕ್ಕ ಮುಂದೆ ಬಂದರು. "ಇವ್ರದ್ದೇನೂ ತಪ್ಪಿಲ್ಲ ಸಾಹುಕಾರ್ರೆ. ಕಪ್ಪು ಕಂಡ್ರೆ ಎಸೀರಿ ಅಂತ ಕಲಿಸಿದ್ದು ನಾನು, ಕಸ ಕೊಟ್ಟು ಕಳಿಸಿದ್ದೂ ನಾನು. ಇವ್ರು ಚಿಕ್ಕೋರು, ಕಲಿತಾರೆ. ನನ್ನ ಕೈ ಇನ್ನು ತಿರುಗಲ್ಲ. ನಾನು ಬಿಡ್ತೀನಿ. ಇವ್ರನ್ನ ಬಿಡ್ಬೇಡಿ."

ಸಾಹುಕಾರರು ನಮ್ಮನ್ನೆಲ್ಲ ಒಮ್ಮೆ ನೋಡಿ, ಹೂಂ ಅಂದರು. ಅಕ್ಕ ಬಾರದ ಶೆಡ್ಡಿನಲ್ಲಿ ನಾವು ಏಲಕ್ಕಿ ಕಲಿತೆವು. ಕಾಕ ಹೋಟೆಲಿನ ಬಾಗಿಲು ತೆಗೆದರು. ಮುಂದಿನ ವರ್ಷ ಮೆಣಸೂ ಬಂತು, ಲೈನಿಗೆ ಹೋಗಿದ್ದ ಕೆಲವರು ಮರಳಿ ಬಂದರು. ನಾವು ಎಷ್ಟು ಕರೆದರೂ ಅಕ್ಕ "ನಡೀರಿ, ಬರ್ತೀನಿ" ಅನ್ನುತ್ತಿದ್ದರೇ ಹೊರತು ಶೆಡ್ಡಿನ ಮೆಟ್ಟಿಲು ಹತ್ತಲಿಲ್ಲ. ನಾವು ತಂದುಕೊಟ್ಟ ಅನ್ನವನ್ನು ಒಂದು ವಾರ ಉಂಡರು. ಆಮೇಲೆ, "ಭಿಕ್ಷೆ ಹಾಕಕ್ಕೆ ಬಂದಿಯೇನೇ?" ಅಂತ ನನಗೇ ಬೈದು ನಿಲ್ಲಿಸಿದರು. ಮೊದಲ ಮಳೆಗಾಲಕ್ಕೆ ಮುಂಚೆಯೇ ಮಗಳು ಬಂದು ಕರೆದುಕೊಂಡು ಹೋದಳು. ಬಸ್ಸು ಹತ್ತುವಾಗ ತಿರುಗಿ ನೋಡಲಿಲ್ಲ, ಅಥವಾ ನೋಡಿದ್ದರೋ ಏನೋ... ನನ್ನ ಕಣ್ಣೇ ಸರಿಯಾಗಿ ಕಾಣುತ್ತಿರಲಿಲ್ಲ. ತೀರಿಹೋದ ಸುದ್ದಿ ಚೆಟ್ಟಳ್ಳಿ ಕಡೆಯವರ ಬಾಯಲ್ಲಿ ನಮಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಕುಶಾಲನಗರದಿಂದ ಹಿಂದಿರುಗುವಾಗ ಮೊಮ್ಮಗಳನ್ನು ಆ ಬೀದಿಗೆ ಕರೆದುಕೊಂಡು ಹೋದೆ. ಕಾಲಿಡಲು ಜಾಗವಿಲ್ಲದಷ್ಟು ಅಂಗಡಿ, ಜನ, ಜೀಪು. ಅಕ್ಕನ ಮನೆ ಇದ್ದಲ್ಲಿ ಮಹಡಿ ಕಟ್ಟಡ ಎದ್ದಿದೆ. ಒಬ್ಬ ಅಂಗಡಿಯವನನ್ನು ಮಾತಿಗೆ ಎಳೆದೆ. "ಈ ಬೀದಿ ಮೊದಲಿಂದ್ಲೂ ಹೀಗೇ ಅಜ್ಜಿ, ಯಾವತ್ತೂ ಖಾಲಿ ಇದ್ದಿದ್ದೇ ಇಲ್ಲ" ಅಂದ.

ಹೌದಪ್ಪ ಅಂದು ಬಂದೆ.